ಡಿಲನ್ ಹೆಸರಿಲ್ಲದೆ ವಿಮರ್ಶೆ ಬರೆಸಿದ ಬಗೆ: ನನ್ನ ಅನುಭವ

ಹೋದ ವರ್ಷ ನಾನು ಪ್ರಚಾರ ಮಾಡಿಕೊಟ್ಟ ಒಂದು ಆಲ್ಬಮ್‌ಗೆ 20ರ ಆಸುಪಾಸು ವಿಮರ್ಶೆಗಳು ಬಂದವು. ಅಮೆರಿಕದ ಹೆಸರಾಂತ ಹಾಡುಗಾರ ಬಾಬ್ ಡಿಲನ್ ಹೆಸರು ಇದ್ದದ್ದು ಎರಡೋ ಮೂರೋ ಕಡೆ. ಹಾಡಿದ ಹುಡುಗನ ವಿವರ ಕೇಳಿ: ಅಕೌಸ್ಟಿಕ್ ಗಿಟಾರ್, ಕೊರಳಿಗೆ ಸಿಕ್ಕಿಸಿದ ಹಾರ್ಮೋನಿಕಾ, ಮೂಗಿನಿಂದ ಬರುವ ದನಿ, ಹಾಡಿಗೆ ಏಳೆಂಟು ಚರಣ. ಇಂಥವನ ಬಗ್ಗೆ ಡಿಲನ್ ಹೆಸರೆತ್ತದೆ ಅಮೆರಿಕದ ವಿಮರ್ಶಕರಿಂದ ಬರೆಸುವುದು ಆಗದ ಮಾತು ಅಂತ ನ್ಯಾಶ್‌ವಿಲ್‌ನಲ್ಲಿ ನನಗೆ ಗೊತ್ತಿರುವ ಪಬ್ಲಿಸಿಸ್ಟ್‌ಗಳೆಲ್ಲ, ಅಂದರೆ ಪ್ರಚಾರದ ಕೆಲಸದವರೆಲ್ಲ, ಹೇಳಿದ್ದರು. ಲೇಬಲ್ (ಆಲ್ಬಮ್ ಹೊರತರುವ ಕಂಪನಿ) ನಡೆಸುವವರಂತೂ, "ಆ ಹೆಸರು ಇಲ್ಲದಿದ್ರೆ ಮೇಲ್ ತೆರೆಯೋರೇ ಇಲ್ಲ, ದುಡ್ಡು ನೀರಲ್ಲಿ ಹಾಕಿದ ಹಾಗೆ" ಅಂದರು. ಆದರೂ ಆಯಿತು. ನಾಲ್ಕೈದು ವರ್ಷ ಕೈ ಸುಟ್ಟುಕೊಂಡ ಮೇಲೆ ಆಯಿತು. ಬೆಂಗಳೂರಿನಲ್ಲಿ ಇಂಡಿ (ದೊಡ್ಡ ಕಂಪನಿಗಳ ಹಂಗಿಲ್ಲದ) ಬ್ಯಾಂಡ್‌ಗಳಿಗೆ ಇದೇ ಕೆಲಸ ಮಾಡುವ ಗೆಳೆಯರು ಹೇಗೆ ಅಂತ ಕೇಳುತ್ತಲೇ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಒನ್ ಶೀಟ್ ಅಂದರೆ ಆಲ್ಬಮ್ ಬಗ್ಗೆ ವಿಮರ್ಶಕರಿಗೆ ಕಳಿಸುವ ಒಂದು ಪುಟದ ಪರಿಚಯ, ಬಯೋ ಅಂದರೆ ಹಾಡುವವರ ಪರಿಚಯದ ಬರಹ. ಈ ಕೆಲಸದಲ್ಲಿರುವವರಿಗೆ ಇದು ಗೊತ್ತೇ ಇದೆ, ಬೇರೆಯವರಿಗಾಗಿ ಹೇಳಿದೆ. ದುಡ್ಡಿನ ಲೆಕ್ಕ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಒಂದು ಪುಟದ ಬಯೋ ಬರೆದರೆ ನನಗೆ ಸಿಗುತ್ತಿದ್ದದ್ದು 200–250 ಡಾಲರ್. ಸಣ್ಣ ಲೇಬಲ್ ಒಂದು ಆಲ್ಬಮ್‌ನ ಮೂರು ತಿಂಗಳ ಪ್ರಚಾರಕ್ಕೆ 2000 ಡಾಲರ್ ಕೊಟ್ಟರೆ ಜಾಸ್ತಿ. ಅದರಲ್ಲಿ ಸಿಡಿ ಕಳಿಸುವ ಅಂಚೆ ಖರ್ಚು, ಲಕೋಟೆ, ಫೋಟೋ ಎಲ್ಲ ಕಳೆದರೆ ಕೈಗೆ ಉಳಿಯುವುದು 1300–1400. ಹಣ ಮೂರು ಕಂತಿನಲ್ಲಿ ಬರುತ್ತದೆ. ವಿಮರ್ಶೆ ಕಡಿಮೆಯಾದರೆ ಮೂರನೇ ಕಂತಿಗೆ ತಕರಾರು ಶುರು. ಹಾಗಾಗಿ ಹೊಸ ದಾರಿ ಹಿಡಿಯುವುದು ಅಂದರೆ ಮನೆ ಬಾಡಿಗೆ ಪಣಕ್ಕಿಟ್ಟ ಹಾಗೆಯೇ.

ವಿಮರ್ಶಕರು ಯಾಕೆ ಹೀಗೆ ಹೋಲಿಸುತ್ತಾರೆ ಅನ್ನುವುದಕ್ಕೆ ದೊಡ್ಡ ದೊಡ್ಡ ಕಾರಣ ಹೇಳುವವರಿದ್ದಾರೆ. ನಾನು ಮಾಡಿದ್ದು ಇಷ್ಟೇ. ಹಳೆಯ ಕ್ಯಾಂಪೇನ್‌ಗಳ ಒನ್ ಶೀಟ್‌ಗಳನ್ನು ಒಂದು ಕಡೆ, ಬಂದ ವಿಮರ್ಶೆಗಳನ್ನು ಇನ್ನೊಂದು ಕಡೆ ಹರಡಿಕೊಂಡು ಕೂತೆ. ಕೆಂಪು ಪೆನ್ನಿನಲ್ಲಿ ಹೆಸರುಗಳಿಗೆ ಗೆರೆ ಎಳೆದೆ. ಒನ್ ಶೀಟ್‌ನ ಕೆಳಗೆ ನಾವು ಒಂದು ಸಾಲು ಹಾಕುತ್ತೇವಲ್ಲ, ‘ಇಂಥಿಂಥವರ ಹಾಡು ಇಷ್ಟವಾದರೆ ಇದನ್ನೂ ಕೇಳಿ’ ಅಂತ, ಆ ಸಾಲಿನ ಹೆಸರುಗಳೇ ಅರ್ಧಕ್ಕಿಂತ ಜಾಸ್ತಿ ವಿಮರ್ಶೆಗಳಲ್ಲಿ ಇದ್ದವು. ಕೆಲವು ಕಡೆ ಅದೇ ಕ್ರಮದಲ್ಲಿ ಇದ್ದವು. ಡಿಲನ್, ಪ್ರೈನ್, ಗೈ ಕ್ಲಾರ್ಕ್ ಅಂತ ನಾವು ಬರೆದರೆ ಅವರೂ ಡಿಲನ್, ಪ್ರೈನ್, ಗೈ ಕ್ಲಾರ್ಕ್. ನಾವು ಕೊಟ್ಟ ಹೆಸರೇ ತಿರುಗಿ ನಮ್ಮ ಕೈಗೆ ಬರುತ್ತಿತ್ತು. ಆಮೇಲೆ ಅದನ್ನೇ ನಾವು ಮುಂದಿನ ಪೋಸ್ಟರ್‌ನಲ್ಲಿ ‘ವಿಮರ್ಶಕರ ಮಾತು’ ಅಂತ ಹಾಕುತ್ತಿದ್ದೆವು.

ಇದಕ್ಕೆ ವಿಮರ್ಶಕರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರ ಜಾಗದಲ್ಲಿ ಕೂತು ನೋಡಿ. ಒಂದು ಆಲ್ಬಮ್‌ಗೆ 100–150 ಪದ. ಸಂಭಾವನೆ 25 ಡಾಲರ್, 50 ಡಾಲರ್, ಎಷ್ಟೋ ಕಡೆ ಏನೂ ಇಲ್ಲ. ಸ್ಟ್ರೀಮಿಂಗ್‌ಗೆ ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಹೊಸ ಹಾಡುಗಳು ಬಂದು ಬೀಳುತ್ತಿವೆ. ಅಷ್ಟು ಸಣ್ಣ ಜಾಗದಲ್ಲಿ ಓದುಗರಿಗೆ ಒಂದು ದನಿಯ ಅಂದಾಜು ಕೊಡಬೇಕು ಅಂದರೆ ಎಲ್ಲರಿಗೂ ಗೊತ್ತಿರುವ ಹೆಸರು ಬೇಕೇ ಬೇಕು. ‘ಡಿಲನ್’ ಅಂತ ಒಂದು ಪದ ಬರೆದರೆ ಗಿಟಾರು, ಹಾರ್ಮೋನಿಕಾ, ಉದ್ದ ಸಾಲು, ಸಿಟ್ಟು, ರಾಜಕೀಯ ಎಲ್ಲ ಒಟ್ಟಿಗೆ ಬಂದುಬಿಡುತ್ತದೆ. ಅಷ್ಟು ಕೆಲಸ ಮಾಡುವ ಇನ್ನೊಂದು ಪದ ಅವರ ಹತ್ತಿರ ಇಲ್ಲ. ಆ ಪದವನ್ನು ಅವರ ಕೈಯಿಂದ ತೆಗೆಯಬೇಕಾದರೆ ಅಷ್ಟೇ ಸಣ್ಣದಾದ, ಅಷ್ಟೇ ಸುಲಭವಾದ ಇನ್ನೊಂದನ್ನು ನಾವು ಕೊಡಬೇಕು. ನನ್ನ ಇಡೀ ವಿಧಾನ ನಿಂತಿರುವುದು ಈ ಒಂದು ಮಾತಿನ ಮೇಲೆ.

ಈ ರೋಗ ಶುರುಮಾಡಿದ್ದೂ ಕಂಪನಿಗಳೇ, ಬರೆಯುವವರಲ್ಲ. ಡಿಲನ್‌ನನ್ನು 1961ರಲ್ಲಿ ಕೊಲಂಬಿಯಾ ರೆಕಾರ್ಡ್ಸ್‌ಗೆ ತಂದವರು ಜಾನ್ ಹ್ಯಾಮಂಡ್. 1962ರ ಮೊದಲ ಆಲ್ಬಮ್ ಅಷ್ಟೇನೂ ಮಾರಾಟವಾಗಲಿಲ್ಲ. ಕಂಪನಿಯ ಒಳಗೇ ಅದನ್ನು ಹ್ಯಾಮಂಡ್ ಮಾಡಿದ ಹುಚ್ಚು ಕೆಲಸ ಅಂತ ಆಡಿಕೊಂಡರು. ಮುಂದೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಹತ್ತು ವರ್ಷದ ಮೇಲೆ, 1972ರಲ್ಲಿ, ಅದೇ ಹ್ಯಾಮಂಡ್ ಅದೇ ಕಂಪನಿಗೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನನ್ನು ತಂದರು. ಕಂಪನಿಯವರಿಗೆ ಬೇರೆ ಕಥೆ ಹೊಳೆಯಲೇ ಇಲ್ಲ. ‘ಹೊಸ ಡಿಲನ್’ ಅಂತಲೇ ಮಾರಲು ಹೊರಟರು. 1973ರ ಜನವರಿಯಲ್ಲಿ ಬಂದ ಅವನ ಮೊದಲ ಆಲ್ಬಮ್ ಆ ವರ್ಷ ಮಾರಾಟವಾದದ್ದು 25,000ದಷ್ಟು. ಅಷ್ಟು ದೊಡ್ಡ ಕಂಪನಿಗೆ ಅದು ಏನೂ ಅಲ್ಲ.

ಅವನೊಬ್ಬನೇ ಅಲ್ಲ. 1970ರಲ್ಲಿ ಲೌಡನ್ ವೇನ್‌ರೈಟ್, 1971ರಲ್ಲಿ ಜಾನ್ ಪ್ರೈನ್, 1973ರಲ್ಲಿ ಎಲಿಯಟ್ ಮರ್ಫಿ, 1978ರಲ್ಲಿ ಸ್ಟೀವ್ ಫೋರ್ಬರ್ಟ್. ಎಲ್ಲರ ಹಣೆಗೂ ಅದೇ ಚೀಟಿ. ವೇನ್‌ರೈಟ್ 1992ರಲ್ಲಿ ಇದರ ಬಗ್ಗೆ ಒಂದು ಹಾಡನ್ನೇ ಮಾಡಿದರು. ಹೊಸ ಡಿಲನ್ ಅನ್ನಿಸಿಕೊಂಡವರೆಲ್ಲ ವಾರಕ್ಕೊಮ್ಮೆ ಸ್ಪ್ರಿಂಗ್‌ಸ್ಟೀನ್ ಮನೆಯಲ್ಲಿ ಸೇರುತ್ತಾರೆ ಅಂತ ಆ ಹಾಡಿನಲ್ಲಿ ಬರುತ್ತದೆ. ಡೆಟ್ರಾಯಿಟ್‌ನ ರೊಡ್ರಿಗೆಜ್ 1970ರಲ್ಲಿ ಮೊದಲ ಆಲ್ಬಮ್ ಮಾಡಿದಾಗಿನಿಂದ ಡಿಲನ್ ಜೊತೆ ತೂಗಿಸಿಕೊಂಡವರು. ಅಮೆರಿಕದಲ್ಲಿ ಅವರ ರೆಕಾರ್ಡ್ ಕೇಳುವವರೇ ಇರಲಿಲ್ಲ. ಅತ್ತ ದಕ್ಷಿಣ ಆಫ್ರಿಕಾದಲ್ಲಿ ಅವರ ಹಾಡು ಮನೆಮನೆಗೂ ತಲುಪಿತ್ತು. ಅಮೆರಿಕದವರಿಗೆ ಅದು ತಿಳಿದದ್ದು 2012ರ ಸಾಕ್ಷ್ಯಚಿತ್ರದ ಮೇಲೆ. ಹೆಸರು ಹೋಲಿಸಿದರೆ ಮಾರಾಟ ಆಗುತ್ತದೆ ಅನ್ನುವವರಿಗೆ ನಾನು ತೋರಿಸುವ ಪಟ್ಟಿ ಇದು.

ಡಿಲನ್ ಕಥೆಯೂ ಬೇರೆಯಲ್ಲ. 1961ರ ಜನವರಿಯಲ್ಲಿ ಮಿನೆಸೋಟಾದಿಂದ ನ್ಯೂಯಾರ್ಕ್‌ಗೆ ಬಂದದ್ದರಲ್ಲಿ ಒಂದು ಆಸೆ, ಆಸ್ಪತ್ರೆಯಲ್ಲಿದ್ದ ಹಿರಿಯ ಜಾನಪದ ಹಾಡುಗಾರ ವುಡಿ ಗತ್ರಿಯನ್ನು ನೋಡುವುದು. ಮೊದಲ ಆಲ್ಬಮ್‌ನಲ್ಲಿ ಅವನೇ ಬರೆದ ಹಾಡು ಎರಡೇ ಎರಡು. ಅದರಲ್ಲಿ ಒಂದು ಗತ್ರಿಯನ್ನು ಉದ್ದೇಶಿಸಿ ಹಾಡಿದ್ದು. ಆದರೆ ಅವನಿಗೆ ದಾರಿ ಮಾಡಿಕೊಟ್ಟ ವಿಮರ್ಶೆ ‘ಹೊಸ ಗತ್ರಿ’ ಅಂತ ಸಾರಲಿಲ್ಲ. 1961ರ ಸೆಪ್ಟೆಂಬರ್ 29ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ರಾಬರ್ಟ್ ಶೆಲ್ಟನ್ ಬರೆದದ್ದರ ಸಾರ ಇಷ್ಟು: ಈ ಹುಡುಗ ಎಲ್ಲಿಂದ ಬಂದ ಅನ್ನುವುದಕ್ಕಿಂತ ಎಲ್ಲಿಗೆ ಹೊರಟಿದ್ದಾನೆ ಅನ್ನುವುದು ಮುಖ್ಯ, ಹೊರಟಿರುವುದು ನೇರ ಮೇಲಕ್ಕೆ.

ಇದನ್ನು ಓದಿದ ಮೇಲೆ ನನಗೆ ಹುಚ್ಚು ಹಿಡಿಯಿತು. ಹೊಸಬರಿಗೆ ನಿಜವಾಗಿ ಬಾಗಿಲು ತೆರೆದ ವಿಮರ್ಶೆಗಳಲ್ಲಿ ಏನಿತ್ತು ಅಂತ ಹುಡುಕಲು ಶುರುಮಾಡಿದೆ. ಜಾನ್ ಪ್ರೈನ್ ಬಗ್ಗೆ 1970ರಲ್ಲಿ ಶಿಕಾಗೋ ಸನ್-ಟೈಮ್ಸ್‌ನಲ್ಲಿ ಬರೆದದ್ದು ರೋಜರ್ ಈಬರ್ಟ್, ಸಿನಿಮಾ ವಿಮರ್ಶಕ. ತಲೆಬರಹದಲ್ಲಿ ಇದ್ದದ್ದು ಪ್ರೈನ್ ಮಾಡುತ್ತಿದ್ದ ಕೆಲಸ: ಹಾಡುವ ಪೋಸ್ಟ್‌ಮ್ಯಾನ್. ಕಡಿಮೆ ಮಾತಿನಲ್ಲಿ ದೊಡ್ಡ ವಿಷಯ ಮುಟ್ಟಿಸುತ್ತಾನೆ ಅಂತ. ಸ್ಪ್ರಿಂಗ್‌ಸ್ಟೀನ್ ಬಗ್ಗೆ 1974ರ ಮೇ ತಿಂಗಳಲ್ಲಿ ಬಾಸ್ಟನ್‌ನ ರಿಯಲ್ ಪೇಪರ್‌ನಲ್ಲಿ ಜಾನ್ ಲ್ಯಾಂಡೌ ಬರೆದರು, ರಾಕ್ ಅಂಡ್ ರೋಲ್‌ನ ಭವಿಷ್ಯವನ್ನು ಕಂಡೆ, ಅದರ ಹೆಸರು ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅಂತ. ‘ಹೊಸ ಡಿಲನ್’ ಮಾಡಲಾಗದ್ದನ್ನು ಆ ಒಂದು ಸಾಲು ಮಾಡಿತು. ಕಂಪನಿ ಅದನ್ನೇ ಜಾಹೀರಾತಿಗೆ ಹಾಕಿತು. 1975ರ ಅಕ್ಟೋಬರ್‌ನಲ್ಲಿ ಟೈಮ್ ಮತ್ತು ನ್ಯೂಸ್‌ವೀಕ್ ಎರಡರ ಮುಖಪುಟದಲ್ಲೂ ಒಂದೇ ವಾರ ಅವನ ಚಿತ್ರ. ಅದೂ ಅತಿಯಾಯಿತು ಅನ್ನಿ. ನವೆಂಬರ್‌ನಲ್ಲಿ ಲಂಡನ್‌ಗೆ ಹೋದಾಗ ತನ್ನದೇ ಪ್ರಚಾರದ ಪೋಸ್ಟರ್‌ಗಳನ್ನು ಅವನೇ ಹರಿದು ಹಾಕಿದ. ಪ್ರಚಾರ ಮಾಡುವ ನಮ್ಮಂಥವರು ಮರೆಯಬಾರದ ವಿಷಯ ಇದು.

ಒಂದರಲ್ಲಿ ದಿಕ್ಕು, ಒಂದರಲ್ಲಿ ಕೆಲಸ, ಒಂದರಲ್ಲಿ ನಾಳೆ. ಆ ಮೂರು ವಿಮರ್ಶೆಯನ್ನೂ ಪ್ರಿಂಟ್ ತೆಗೆದು ಮೇಜಿನ ಎದುರು ಅಂಟಿಸಿದೆ. ಇನ್ನು ಮೇಲೆ ನನ್ನ ಒನ್ ಶೀಟ್‌ನಲ್ಲಿ ದೊಡ್ಡವರ ಹೆಸರು ಇರುವುದಿಲ್ಲ ಅಂತ ತೀರ್ಮಾನ ಮಾಡಿದೆ.

ಮೊದಲ ಪ್ರಯತ್ನ ಪೂರ್ತಿ ಮುಳುಗಿತು. ಓಹಾಯೋ ಕಡೆಯ ಒಬ್ಬ ಹಾಡುಗಾರನ ಆಲ್ಬಮ್. ಹೆಸರುಗಳನ್ನೆಲ್ಲ ತೆಗೆದು ಆ ಜಾಗ ಖಾಲಿ ಬಿಟ್ಟೆ. ಸುಮಾರು 300 ಮೇಲ್ ಹೋಯಿತು. ಬಂದದ್ದು ನಾಲ್ಕು ವಿಮರ್ಶೆ, ಅದರಲ್ಲಿ ಎರಡು ನನ್ನ ಹಳೆಯ ಪರಿಚಯದವರದ್ದು. ಲೇಬಲ್‌ನವರು ಕೊನೆಯ ಕಂತು 600 ಡಾಲರ್ ಕೊಡಲಿಲ್ಲ. ಇವತ್ತಿಗೂ ಕೊಟ್ಟಿಲ್ಲ.

ಮುಂದಿನ ಸಲ ಖಾಲಿ ಜಾಗಕ್ಕೆ ವಿಶೇಷಣ ತುಂಬಿದೆ. ಪ್ರಾಮಾಣಿಕ, ಮನ ಮುಟ್ಟುವ, ಮಣ್ಣಿನ ವಾಸನೆಯ, ಹೀಗೆ. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಅಂಥ ಮಾತು ಎಲ್ಲ ಒನ್ ಶೀಟ್‌ನಲ್ಲೂ ಇರುತ್ತದೆ, ಅಲ್ವಾ? ವಿಮರ್ಶಕರು ತಾವೇ ಹುಡುಕಿ ಡಿಲನ್‌ನನ್ನು ಕರೆತಂದರು.

ಆಮೇಲೆ ಒಂದಷ್ಟು ದಿನ ಸಣ್ಣ ಹೆಸರುಗಳ ದಾರಿ ಹಿಡಿದೆ. ಡಿಲನ್ ಬದಲು ಟೆಕ್ಸಸ್ ಕಡೆಯ ಹಾಡುಗಾರರಾದ ಟೌನ್ಸ್ ವ್ಯಾನ್ ಜ್ಯಾಂಟ್, ಬ್ಲೇಜ್ ಫೋಲಿ. ಇದರಿಂದ ಆದದ್ದು ಏನೆಂದರೆ, ಟೆಕ್ಸಸ್ಸನ್ನು ಕಣ್ಣಿಂದಲೂ ನೋಡದ ಹುಡುಗನಿಗೆ ಟೆಕ್ಸಸ್ ಹಾಡುಗಾರ ಅನ್ನುವ ಪಟ್ಟ ಬಂತು. ಜೊತೆಗೆ ಡಿಲನ್ ಹೆಸರೂ ಬಂತು. ಯಾಕೆ ಅಂತ ಆಮೇಲೆ ಅರ್ಥವಾಯಿತು. ಟೌನ್ಸ್ ಜಗತ್ತಿನಲ್ಲೇ ಶ್ರೇಷ್ಠ ಸಾಂಗ್‌ರೈಟರ್, ಬೇಕಾದರೆ ಬೂಟು ಹಾಕಿಕೊಂಡು ಡಿಲನ್ ಮನೆಯ ಟೀಪಾಯಿ ಮೇಲೆ ನಿಂತು ಈ ಮಾತು ಹೇಳುತ್ತೇನೆ ಅಂತ ಹಾಡುಗಾರ ಸ್ಟೀವ್ ಅರ್ಲ್ ಹೇಳಿದ್ದರು. 1987ರ ಟೌನ್ಸ್ ಆಲ್ಬಮ್ ಮೇಲೆ ಅದನ್ನು ಸ್ಟಿಕ್ಕರ್ ಮಾಡಿ ಅಂಟಿಸಿದರು. ಪ್ರೀತಿಯಿಂದ ಹೇಳಿದ ಮಾತೇ. ಆದರೆ ಅಲ್ಲಿಂದ ಟೌನ್ಸ್ ಹೆಸರು ಬಂದ ಕಡೆಯೆಲ್ಲ ಡಿಲನ್ ಹೆಸರೂ ಹಿಂದೆಯೇ ಬರುತ್ತದೆ. ಹೊಗಳುವುದಕ್ಕೂ ಅಳತೆಗೋಲು ಅವನೇ. 2016ರಲ್ಲಿ ಅವನಿಗೆ ಸಾಹಿತ್ಯದ ನೊಬೆಲ್ ಬಂದಮೇಲಂತೂ ಹೇಳುವುದೇ ಬೇಡ.

ಈ ಮಧ್ಯೆ ಎರಡು ಪ್ರಯೋಗ ಮಾಡಿದೆ. ಯಾರೂ ದುಡ್ಡು ಕೊಟ್ಟಿರಲಿಲ್ಲ, ನನ್ನ ಕುತೂಹಲಕ್ಕೆ ಸುಮ್ನೆ ಮಾಡಿದ್ದು.

ಮೊದಲನೆಯದು ಹಾರ್ಮೋನಿಕಾ. ಒಂದೇ ಹಾಡಿನ ಎರಡು ಮಿಕ್ಸ್ ಮಾಡಿಸಿದೆ. ಒಂದರಲ್ಲಿ ಹಾರ್ಮೋನಿಕಾ ಇದೆ, ಇನ್ನೊಂದರಲ್ಲಿ ಆ ಜಾಗದಲ್ಲಿ ಫಿಡಲ್. ಮಿಕ್ಸ್‌ಗೆ ತಲಾ 80–90 ಡಾಲರ್ ನನ್ನ ಕೈಯಿಂದಲೇ. ಪರಿಚಯದ ರೇಡಿಯೊದವರು, ಬರೆಯುವವರು, ಅಂಗಡಿಯವರು ಹೀಗೆ ಒಂದು 60 ಜನರನ್ನು ಎರಡು ಗುಂಪು ಮಾಡಿ, ಗುಂಪಿಗೊಂದು ಮಿಕ್ಸ್ ಕಳಿಸಿದೆ. ಯಾರ ನೆನಪಾಗುತ್ತದೆ ಅಂತ ಒಂದೇ ಪ್ರಶ್ನೆ. ಹಾರ್ಮೋನಿಕಾ ಇದ್ದದ್ದಕ್ಕೆ ಉತ್ತರ ಕೊಟ್ಟವರಲ್ಲಿ ಮುಕ್ಕಾಲು ಪಾಲು ಡಿಲನ್ ಅಂದರು. ಫಿಡಲ್ ಇದ್ದದ್ದಕ್ಕೆ ಪ್ರೈನ್, ಪಾಲ್ ಸೈಮನ್, ನೀಲ್ ಯಂಗ್, ಹೀಗೆ ಹತ್ತು ದಿಕ್ಕಿಗೆ ಹೋಯಿತು. ದನಿ ಅದೇ, ಸಾಲು ಅದೇ. ಕಿವಿ ಮೊದಲು ಹಿಡಿಯುವುದು ವಾದ್ಯವನ್ನು, ಸಾಹಿತ್ಯ ಆಮೇಲೆ. ಈ ಒಂದು ವಿಷಯ ಮುಂದೆ ನನಗೆ ಬಹಳ ಕೆಲಸಕ್ಕೆ ಬಂತು.

ಎರಡನೆಯದು ಫೋಟೋ. ಹಾಡು ಕಟ್ಟುವ ಒಬ್ಬ ಹೆಣ್ಣುಮಗಳು ಗಿಟಾರ್ ಹಿಡಿದ ಫೋಟೋ ಹಾಕಿದರೆ ಜೋನಿ ಮಿಚೆಲ್ ಹೆಸರು. ಅವಳೇ ಪಿಯಾನೊ ಮುಂದೆ ಕೂತರೆ ಕೆರೋಲ್ ಕಿಂಗ್. ಒಬ್ಬ ಕಪ್ಪು ಹುಡುಗಿ ಗಿಟಾರ್ ಹಿಡಿದರೆ ಹಾಡು ಯಾವುದೇ ಇರಲಿ ಟ್ರೇಸಿ ಚಾಪ್‌ಮನ್. ಅವರ ಮೊದಲ ಆಲ್ಬಮ್ ಬಂದದ್ದು 1988ರಲ್ಲಿ. ಆಮೇಲೆ ಇಷ್ಟು ವರ್ಷದಲ್ಲಿ ಬಂದವರೆಲ್ಲ ಅವರ ನೆರಳೇನಾ? ಅಂದ ಹಾಗೆ ಜೋನಿ ಮಿಚೆಲ್, ನೀಲ್ ಯಂಗ್, ಲೆನರ್ಡ್ ಕೋಹೆನ್ ಮೂವರೂ ಹುಟ್ಟಿದ್ದು ಕೆನಡಾದಲ್ಲಿ. ‘ಅಮೆರಿಕದ ದಿಗ್ಗಜರ ಸಾಲು’ ಅಂತ ಬರೆಯುವ ವಿಮರ್ಶೆಗಳಲ್ಲಿ ಈ ಮೂವರಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಹೆಸರು ಅಷ್ಟು ಯಾಂತ್ರಿಕವಾಗಿ ಬಂದು ಬೀಳುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಫೋಟೋ ವಿಷಯದಲ್ಲಿ ನನಗೆ ನಿಜವಾಗಿ ನೋವಾದದ್ದು ಒಂದು ಹುಡುಗಿಯದು. ಅಪ್ಪ ಅಮ್ಮ ಕನ್ನಡದವರು, ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ಅಮೆರಿಕದಲ್ಲಿ. ಬ್ಯಾಂಜೊ ಬಾರಿಸುತ್ತಾಳೆ, ಹಳೆಯ ಅಪಲೇಚಿಯನ್ ಬೆಟ್ಟದ ಕಡೆಯ ಶೈಲಿಯಲ್ಲಿ. ಬಂದ ಮೊದಲ ಬರಹದಲ್ಲೇ ನೋರಾ ಜೋನ್ಸ್ ಹೆಸರು. ನೋರಾ ಜೋನ್ಸ್ ಪಿಯಾನೊ ನುಡಿಸುವವರು, ಜಾಝ್ ಕಡೆಯವರು. ಅವರ ತಂದೆ ರವಿಶಂಕರ್ ಅನ್ನುವುದು ಬಿಟ್ಟರೆ ಈ ಹುಡುಗಿಗೂ ಅವರಿಗೂ ಏನು ಸಂಬಂಧ? ಅವಳು ಫೋನ್ ಮಾಡಿ, "ಆಂಟಿ, ಇವರು ಹಾಡು ಕೇಳಿದ್ದಾರಾ ಇಲ್ಲ ನನ್ನ ಹೆಸರು ಓದಿದ್ದಾರಾ?" ಅಂತ ಕೇಳಿದಳು. "ಎರಡನೇದೇ ಕಣಮ್ಮ" ಅಂದೆ. ಇಂಥ ಹೋಲಿಕೆ ಹಾಡುವವರ ಕೆಲಸವನ್ನು ಅಳಿಸಿಹಾಕುತ್ತದೆ. ಇದನ್ನು ನಿಲ್ಲಿಸಲೇಬೇಕು ಅನ್ನುವ ಹಟ ಬಲವಾದದ್ದು ಅವತ್ತು.

ಈಗ ಕೆಲಸಕ್ಕೆ ಬಂದ ವಿಧಾನಕ್ಕೆ ಬರುತ್ತೇನೆ.

ಶುರುವಿನಲ್ಲಿ ಹೇಳಿದ ಹಾರ್ಮೋನಿಕಾ ಹುಡುಗ ಪೂರ್ವ ಕೆಂಟಕಿಯವನು. ಗಣಿ ಮುಚ್ಚಿದ ಊರು. ಬೆಳಿಗ್ಗೆ ಸಂಜೆ ಸ್ಕೂಲ್ ಬಸ್ ಓಡಿಸುತ್ತಾನೆ, ಮಧ್ಯಾಹ್ನ ಖಾಲಿ ಬಸ್ಸಿನಲ್ಲಿ ಕೂತು ಹಾಡು ಬರೆಯುತ್ತಾನೆ. ಅವನ ಮ್ಯಾನೇಜರ್ ಕಳಿಸಿದ ಬಯೋದಲ್ಲಿ ಬಸ್ಸಿನ ವಿಷಯವೇ ಇರಲಿಲ್ಲ. ಡಿಲನ್ ಹೆಸರು ಮಾತ್ರ ಹೆಜ್ಜೆಗೊಮ್ಮೆ ಇತ್ತು. ನಾನು ಅದನ್ನು ಪಕ್ಕಕ್ಕಿಟ್ಟು ಅವನ ಜೊತೆ ಎರಡು ಗಂಟೆ ಫೋನಿನಲ್ಲಿ ಮಾತಾಡಿದೆ. ಹಾಡಿನ ಬಗ್ಗೆ ಕಡಿಮೆ, ಬಸ್ಸಿನ ಬಗ್ಗೆ ಜಾಸ್ತಿ. ಯಾವ ಸ್ಟಾಪಿನಲ್ಲಿ ಮಕ್ಕಳು ಕಡಿಮೆಯಾದರು, ಯಾವ ಮನೆ ಖಾಲಿಯಾಯಿತು. ಮೇಲ್‌ನ ಸಬ್ಜೆಕ್ಟ್ ಲೈನ್ ಅಲ್ಲಿಂದಲೇ ಸಿಕ್ಕಿತು. ಪ್ರೈನ್‌ನ ಪೋಸ್ಟ್‌ಮ್ಯಾನ್ ತಲೆಬರಹ ನನ್ನ ಗೋಡೆ ಮೇಲಿತ್ತಲ್ಲ, ಅದರ ಋಣ ಇದು.

ಇನ್ನೊಂದು ವಿಷಯಕ್ಕೆ ನನಗೆ ಹೆಮ್ಮೆ ಇದೆ, ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ. ಹೋಲಿಕೆಯನ್ನು ಪೂರ್ತಿ ತೆಗೆಯದೆ, ದೊಡ್ಡ ಹೆಸರಿನ ಹಿಂದಕ್ಕೆ ಹೋಗುವುದು. ಆಲ್ಬಮ್‌ನಲ್ಲಿ ಅರ್ಧ ಮಾತು ಅರ್ಧ ಹಾಡಿನಂಥ ಒಂದು ಹಾಡಿತ್ತು. ಕೇಳಿದವರೆಲ್ಲ ‘ಡಿಲನ್ ಶೈಲಿ’ ಅನ್ನುತ್ತಿದ್ದರು. ಅದು ಟಾಕಿಂಗ್ ಬ್ಲೂಸ್. 1926ರಲ್ಲೇ ಕ್ರಿಸ್ ಬುಶಿಲಾನ್ ಅನ್ನುವವರು ಅದನ್ನು ರೆಕಾರ್ಡ್ ಮಾಡಿದ್ದರು. ಆಮೇಲೆ ಗತ್ರಿ, ಅವರ ಆಮೇಲೆ ಡಿಲನ್. ಒನ್ ಶೀಟ್‌ನಲ್ಲಿ ಬುಶಿಲಾನ್ ಹೆಸರು ಮತ್ತು 1926 ಅಂತ ಬರೆದೆ. ಇನ್ನೊಂದು ಹಾಡು ತಾಯಿ ಕೇಳುವುದು, ಮಗ ಉತ್ತರ ಹೇಳುವುದು, ಆ ರೀತಿಯದು. ಡಿಲನ್‌ನ 1963ರ ಒಂದು ಹಾಡೂ ಹಾಗೇ ಇದೆ, ಅದಕ್ಕೇ ಜನರಿಗೆ ಅವನ ನೆನಪು. ಆದರೆ ಆ ಕಟ್ಟು ಬಂದದ್ದು ‘ಲಾರ್ಡ್ ರಾಂಡಲ್’ ಅನ್ನುವ ಹಳೆಯ ಸ್ಕಾಟಿಷ್ ಲಾವಣಿಯಿಂದ. ಅದನ್ನು ಬರೆದೆ. ಬಲಗೈ ಹೆಬ್ಬೆರಳಿನಲ್ಲಿ ಬೇಸ್ ಹಿಡಿದು ಉಳಿದ ಬೆರಳಲ್ಲಿ ರಾಗ ಬಾರಿಸುವುದಕ್ಕೆ ಕೆಂಟಕಿಯ ಮರ್ಲ್ ಟ್ರಾವಿಸ್ ಹೆಸರಿದೆ, ಹುಡುಗನೂ ಕೆಂಟಕಿಯವನೇ. ಅದನ್ನೂ ಬರೆದೆ. ಒಟ್ಟು ಐದಾರು ಸಾಲು, ಅಷ್ಟೇ.

ಇದರಿಂದ ಏನಾಯಿತು ಅಂದರೆ, ವಿಮರ್ಶಕರಿಗೆ ಡಿಲನ್‌ಗಿಂತ ಚೆನ್ನಾಗಿರುವ ಒಂದು ವಿಷಯ ಸಿಕ್ಕಿತು. ಯಾರಿಗೂ ಗೊತ್ತಿಲ್ಲದ್ದನ್ನು ತಾನು ಹೇಳುತ್ತಿದ್ದೇನೆ ಅನ್ನುವ ಖುಷಿ ಬರೆಯುವವರಿಗೆ ಎಷ್ಟು ದೊಡ್ಡದು ಅಂತ ನಮಗೂ ಗೊತ್ತಲ್ಲ. ಬುಶಿಲಾನ್ ಹೆಸರು ಆರೇಳು ವಿಮರ್ಶೆಗಳಲ್ಲಿ ಬಂತು. ಒಬ್ಬರು ಆ ಹಳೆಯ ರೆಕಾರ್ಡ್ ಹುಡುಕಿ ಕೇಳಿ ಎರಡು ಪ್ಯಾರಾ ಬರೆದಿದ್ದರು.

ಹಾಡಿನ ಸಾಲುಗಳನ್ನೂ ಕೊಡುತ್ತೇನೆ. ಪೂರ್ತಿ ಸಾಹಿತ್ಯ ಅಲ್ಲ, ಎಲ್ಲಿಂದ ಕಿತ್ತರೂ ಅರ್ಥವಾಗುವ ಮೂರೇ ಸಾಲು. ಪ್ರತಿ ಸಾಲಿನ ಕೆಳಗೆ ಅದು ಯಾವ ಊರಿನ, ಯಾವ ಘಟನೆಯ ಮೇಲೆ ಅಂತ ಚಿಕ್ಕ ಟಿಪ್ಪಣಿ. 120 ಪದದ ವಿಮರ್ಶೆಯಲ್ಲಿ ಒಂದು ಸಾಲು ಹಾಡಿಗೇ ಹೋದರೆ ಹೋಲಿಕೆಗೆ ಉಳಿಯುವ ಜಾಗ ಅಷ್ಟು ಕಡಿಮೆ.

ಹಾರ್ಮೋನಿಕಾ ಪಾಠ ಇಲ್ಲಿ ಕೆಲಸಕ್ಕೆ ಬಂತು. ಆಲ್ಬಮ್‌ನಲ್ಲಿ ಮೊದಲ ಹಾಡಿನಲ್ಲೇ ಹಾರ್ಮೋನಿಕಾ ಇತ್ತು. ವಿಮರ್ಶಕರಿಗೆ ಕಳಿಸುವ ಲಿಂಕ್‌ನಲ್ಲಿ ಮಾತ್ರ ಕ್ರಮ ಬದಲಿಸಿದೆ. ಮೊದಲ ಮೂರು ಹಾಡಿನಲ್ಲಿ ಹಾರ್ಮೋನಿಕಾ ಬಾರದ ಹಾಗೆ ಜೋಡಿಸಿದೆ. ಹುಡುಗನಿಗೆ ಇದು ಸ್ವಲ್ಪವೂ ಇಷ್ಟವಾಗಲಿಲ್ಲ. ಆಲ್ಬಮ್ ಅಂದರೆ ಒಂದು ಕ್ರಮ, ಅದನ್ನು ಮುರಿಯುವುದು ತಪ್ಪು ಅಂದ. ಅವನ ಮಾತೂ ಸರಿಯೇ. ಜನರಿಗೆ ಹೋಗುವಾಗ ನಿನ್ನ ಕ್ರಮವೇ ಇರುತ್ತದೆ, ಇದು ಬರೀ ಆರು ವಾರದ ಮಾತು ಅಂತ ಒಪ್ಪಿಸಿದೆ. ಲಿಂಕ್‌ನ ಮೇಲೆ ‘ಕ್ರಮ ಬೇರೆ ಇದೆ’ ಅಂತ ಸ್ಪಷ್ಟವಾಗಿ ಬರೆದಿದ್ದೆ. ಮುಚ್ಚಿಟ್ಟು ಮಾಡುವ ಕೆಲಸ ಅಲ್ಲ ಇದು.

ಮೊದಲು ಯಾರಿಗೆ ಕಳಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಮೇಲ್‌ನ ಕೊನೆಯಲ್ಲಿ ವಿಮರ್ಶಕರಿಗೆ ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಬರುವ ಪ್ರಮಾಣ ಅದರಿಂದಲೇ ಹೆಚ್ಚುಕಮ್ಮಿ ಎರಡು ಪಟ್ಟಾಗಿದೆ. ಆ ಪ್ರಶ್ನೆಯೂ ನನ್ನ ಹತ್ತಿರವೇ ಇರಲಿ. ಹೊಟ್ಟೆಪಾಡಿನ ವಿಷಯ.

ಲೇಬಲ್‌ನವರನ್ನು ಒಪ್ಪಿಸಿದ್ದು ದುಡ್ಡಿನಿಂದ. 2000 ಕೊಡಬೇಕಾದ ಕಡೆ 1000 ಮೊದಲು ಕೊಡಿ, ವಿಮರ್ಶೆ ಹತ್ತು ದಾಟದಿದ್ದರೆ ಉಳಿದ 1000 ಬೇಡ ಅಂದೆ. ಖರ್ಚು ನನ್ನದು. 150 ಸಿಡಿ ಕಳಿಸಲು ಅಂಚೆ ಮತ್ತು ಲಕೋಟೆ ಸೇರಿ 600ರ ಹತ್ತಿರ ಹೋಯಿತು. ಮೊದಲ ಮೂರು ವಾರ ಏನೂ ಇಲ್ಲ. ಲೇಬಲ್‌ನಿಂದ ದಿನಕ್ಕೊಂದು ಮೇಲ್, ಈಗಲಾದರೂ ಡಿಲನ್ ಹೆಸರು ಹಾಕಿ ಅಂತ. ಮ್ಯಾನೇಜರ್ ಅಂತೂ ನನಗೆ ಹೇಳದೆ ಹಳೆಯ ಬಯೋವನ್ನು ಕೆಲವರಿಗೆ ಕಳಿಸಿಬಿಟ್ಟಿದ್ದರು. ಡಿಲನ್ ಹೆಸರು ಬಂದ ವಿಮರ್ಶೆಗಳಲ್ಲಿ ಒಂದು ಅಲ್ಲಿಂದಲೇ ಬಂದದ್ದು ಅಂತ ಖಾತ್ರಿಯಾಗಿ ಹೇಳಬಲ್ಲೆ, ಯಾಕೆಂದರೆ ಅದರಲ್ಲಿ ಬಸ್ಸಿನ ಸುದ್ದಿಯೇ ಇರಲಿಲ್ಲ.

ನಾಲ್ಕನೇ ವಾರ ಒಂದು ಉದ್ದದ ವಿಮರ್ಶೆ ಬಂತು, 900 ಪದದ ಹತ್ತಿರ. ಬಸ್ಸಿನಿಂದ ಶುರುವಾಗಿತ್ತು. ತಾಯಿ-ಮಗನ ಹಾಡನ್ನು ಸಾಲು ಸಾಲಾಗಿ ಬಿಡಿಸಿತ್ತು. ಸತ್ತವರ ಹೆಸರಾಗಲಿ ಬದುಕಿರುವ ದಿಗ್ಗಜರ ಹೆಸರಾಗಲಿ ಒಂದೂ ಇಲ್ಲ. ಅದನ್ನು ನೋಡಿ ಉಳಿದವರು ಬರೆದರು. ವಿಮರ್ಶಕರು ಒಬ್ಬರನ್ನೊಬ್ಬರು ಓದುತ್ತಾರೆ, ಹೆಸರು ಹರಡುವುದೂ ಹಾಗೆಯೇ, ಹೆಸರಿಲ್ಲದ್ದು ಹರಡುವುದೂ ಹಾಗೆಯೇ. 500 ಎಲ್‌ಪಿ ರೆಕಾರ್ಡ್ ಒತ್ತಿಸಿದ್ದರು, ವರ್ಷದ ಕೊನೆಗೆ 400ಕ್ಕೂ ಜಾಸ್ತಿ ಹೋಗಿತ್ತು. ಆ ಲೇಬಲ್‌ನಲ್ಲಿ ಮೊದಲ ಆಲ್ಬಮ್‌ಗೆ 200 ಹೋದರೆ ಹಬ್ಬ. ಉಳಿದ 1000 ಡಾಲರ್ ಬಂತು, ಅದರ ಮೇಲೆ ಅವರಾಗಿಯೇ 300 ಸೇರಿಸಿದರು. ಆಗದ ಮಾತು ಅಂದಿದ್ದ ಹಿರಿಯ ಪಬ್ಲಿಸಿಸ್ಟ್ ಒಬ್ಬರು ಈಗ ನನ್ನ ಒನ್ ಶೀಟ್‌ನ ಮಾದರಿ ಕೇಳಿ ತರಿಸಿಕೊಂಡಿದ್ದಾರೆ. ನನ್ನ ಬಯೋ ದರ ಈಗ 400.

ಈ ವಿಧಾನ ನಡೆಯದ ಕಡೆಯೂ ಇದೆ. ಕಾಲೇಜು ರೇಡಿಯೊದ ಫಾರಂನಲ್ಲಿ ಹೋಲಿಕೆಯ ಜಾಗ ಖಾಲಿ ಬಿಟ್ಟರೆ ಅರ್ಜಿಯೇ ಹೋಗುವುದಿಲ್ಲ. ಅಲ್ಲಿ ಈಗ ಹಾಡುತ್ತಿರುವ ಮೂವರ ಹೆಸರು ಹಾಕುತ್ತೇನೆ, ಟೈಲರ್ ಚಿಲ್ಡರ್ಸ್, ಜೇಸನ್ ಇಸ್ಬೆಲ್, ಆಡ್ರಿಯನ್ ಲೆಂಕರ್ ಹೀಗೆ. ಹೊಸಬರನ್ನು ಅವರ ಕಾಲದವರ ಪಕ್ಕ ನಿಲ್ಲಿಸಿದರೆ ಅನ್ಯಾಯ ಆಗುವುದಿಲ್ಲ. ಇನ್ನು, ಹಾಡುವವರೇ ಆ ಹೆಸರನ್ನು ಎದೆಗಪ್ಪಿಕೊಂಡಿದ್ದರೆ ಕತೆ ಬೇರೆ. ಶಿಲ್ಲಾಂಗ್‌ನ ಲೂ ಮಜಾವ್ 1972ರಿಂದ ಪ್ರತಿ ಮೇ 24ಕ್ಕೆ ಡಿಲನ್ ಹುಟ್ಟುಹಬ್ಬಕ್ಕೆ ಹಾಡುತ್ತಾ ಬಂದವರು. ಅವರ ಬಗ್ಗೆ ಡಿಲನ್ ಹೆಸರಿಲ್ಲದೆ ಬರೆಯುವುದು ತಪ್ಪಾಗುತ್ತದೆ. ಅದು ಅವರೇ ಪ್ರೀತಿಯಿಂದ ಆರಿಸಿಕೊಂಡದ್ದು.

ಬ್ಯಾಂಜೊ ಹುಡುಗಿಯ ಹೊಸ ಆಲ್ಬಮ್ ಈ ಸಲ ನನ್ನ ಕೈಯಲ್ಲೇ ಇದೆ. ಅವಳ ಒನ್ ಶೀಟ್‌ನ ಮೊದಲ ಮೂರು ಸಾಲಿನಲ್ಲಿ ಭಾರತದ ಮಾತಿಲ್ಲ. ಬ್ಯಾಂಜೊ ಅಮೆರಿಕಕ್ಕೆ ಬಂದದ್ದು ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಕೈಯಲ್ಲಿ, ಅವಳು ಬಾರಿಸುವ ಪಟ್ಟು ಅಲ್ಲಿಂದ ಇಳಿದು ಬಂದದ್ದು, ಅದನ್ನು ಬರೆದಿದ್ದೇನೆ. ಅಪ್ಪ ಅಮ್ಮನ ಊರಿನ ವಿಷಯ ಅವಳ ಒಂದು ಹಾಡಿನಲ್ಲೇ ಬರುತ್ತದೆ, ಟಿಪ್ಪಣಿಯಲ್ಲಿ ಅಲ್ಲಿ ಮಾತ್ರ ಹೇಳಿದ್ದೇನೆ. ಇಲ್ಲಿಯವರೆಗೆ ಆರು ಜನ ಬರೆದಿದ್ದಾರೆ. ನೋರಾ ಜೋನ್ಸ್ ಎಲ್ಲೂ ಇಲ್ಲ.

ಬೆಂಗಳೂರಿನವರಿಗೆ ಒಂದು ಮಾತು. ಇಂಗ್ಲಿಷ್‌ನಲ್ಲಿ ಹಾಡುವ ನಿಮ್ಮ ಬ್ಯಾಂಡ್‌ಗಳನ್ನು ಇಲ್ಲಿನ ಪತ್ರಿಕೆಗಳಿಗೆ ಕಳಿಸುವಾಗ ‘ಭಾರತದ ಡಿಲನ್’ ಅಂತ ದಯವಿಟ್ಟು ಬರೆಯಬೇಡಿ. ನನಗೆ ಬರುವ ಹತ್ತರಲ್ಲಿ ನಾಲ್ಕು ಮೇಲ್‌ನಲ್ಲಿ ಆ ಪದ ಇರುತ್ತದೆ. ಹಾಡು ಯಾವ ರಸ್ತೆಯದು, ಯಾವ ಕೆಲಸದವರದು, ಗಿಟಾರ್ ಹಿಡಿದ ಕೈ ಯಾರಿಂದ ಕಲಿತದ್ದು, ಅದನ್ನು ಮೊದಲ ಎರಡು ಸಾಲಿನಲ್ಲಿ ಬರೆಯಿರಿ. ಲಿಂಕ್ ಡೌನ್‌ಲೋಡ್ ಆಗುವ ಹಾಗಿರಲಿ. ಶುಕ್ರವಾರ ಕಳಿಸಬೇಡಿ, ಅವತ್ತು ಇಲ್ಲಿ ಎಲ್ಲ ಹೊಸ ಆಲ್ಬಮ್‌ಗಳೂ ಬಿಡುಗಡೆಯಾಗುವ ದಿನ, ನಿಮ್ಮ ಮೇಲ್ ಕಾಣಿಸುವುದೇ ಇಲ್ಲ.